ಚೈನ್ ಗಾಡಿ ಸುತ್ತಿ ಹೋದ ಜಾಗ

"ಸಾರ್, ನನ್ ಮಗನ್ನ ರಾತ್ರಿ ಸ್ಟೇಷನ್‌ಗೆ ಕರ್ಕೊಂಡು ಹೋದ್ರು. ಇರೋನು ಅವ್ನೊಬ್ನೇ ಸಾರ್."

2007ರ ಏಪ್ರಿಲ್, ಶನಿವಾರ ಬೆಳಿಗ್ಗೆ. ಗುಬ್ಬಿಯ ಹಜರಾ ಬೀ ತುಮಕೂರಿನ ನಮ್ಮ ಆಫೀಸಿನ ಬಾಗಿಲಲ್ಲೇ ನಿಂತು ಮಾತಾಡಿದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರ ಮಗ ಅಶ್ಫಾಕ್ ಚಿಕ್ಕ ಲೋಡರ್ ಓಡಿಸುವವನು. ಹಿಂದಿನ ಸಂಜೆ ಹಾಗಲವಾಡಿಯ ಸಿದ್ದಗಂಗಯ್ಯನವರ ತೆಂಗಿನ ತೋಟದಲ್ಲಿ ಕಾವಲುಗಾರ ಕದರಯ್ಯನ ಹೆಣ ಕೆರೆಯಿಂದ ತಂದು ಸುರಿದ ಗೋಡುಮಣ್ಣಿನ ರಾಶಿಯ ಕೆಳಗೆ ಸಿಕ್ಕಿತ್ತು. ರಾಶಿಯವರೆಗೂ ಅಶ್ಫಾಕನ ಗಾಡಿಯ ಗುರುತಿತ್ತು.

"ಮಧ್ಯಾಹ್ನ ಜುಮ್ಮಾ ನಮಾಜಿಗೆ ಗುಬ್ಬಿಗೆ ಬಂದಿದ್ದ ಸಾರ್. ಅಷ್ಟು ಜನದಲ್ಲಿ ಅವನನ್ನ ಯಾರೂ ಗಮನಿಸಿಲ್ವಂತೆ."

ಚನ್ನಬಸವಯ್ಯ ಚಪ್ಪಲಿ ಮೆಟ್ಟಿಕೊಂಡರು. ಅವರು ವಾಹನ ವಿಮೆಯ ಸರ್ವೇಯರ್. ಗುದ್ದಿದ ಲಾರಿ ನೋಡಿ ಡ್ರೈವರ್ ನಿದ್ದೆಯಲ್ಲಿದ್ದನೋ ಇಲ್ಲವೋ ಹೇಳಿಬಿಡುವ ಮನುಷ್ಯ. ಪೊಲೀಸರೂ ಅವರ ಮಾತು ಕೇಳುತ್ತಿದ್ದರು. ನಾನು ಮೋಹನ್‌ಕುಮಾರ್, ಹನ್ನೊಂದು ವರ್ಷದಿಂದ ಅವರ ಫೋಟೋಗ್ರಾಫರ್. ಹೆಣಗಳ ಫೋಟೋ ತೆಗೆದೂ ತೆಗೆದೂ ನನಗೆ ಏನೂ ಅನ್ನಿಸುವುದೇ ನಿಂತುಹೋಗಿತ್ತು. ಆ ತಾಯಿ ಅಳುತ್ತಿದ್ದಾಗ ನಾನು ರೀಲು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ತೋಟದಲ್ಲಿ ಸಬ್ ಇನ್ಸ್‌ಪೆಕ್ಟರು ವಿಷಯ ಹೇಳಿದರು. ತೆಂಗಿನ ಸಾಲುಗಳ ನಡುವೆ ಗೋಡು ಹರಡಲು ಸಿದ್ದಗಂಗಯ್ಯ ಒಂದು ಲೋಡರ್ ಕೊಳ್ಳುವವರಿದ್ದರು. ಟೈರಿನ ಮೇಲೆ ಓಡುವುದೋ, ಚೈನಿನ ಪಟ್ಟಿಯ ಮೇಲೆ ಓಡುವುದೋ ತೀರ್ಮಾನವಾಗಲಿಲ್ಲ. ಬಾಡಿಗೆಗೆ ಎರಡನ್ನೂ ತರಿಸಿ ಬುಧವಾರ, ಗುರುವಾರ ಓಡಿಸಿ ನೋಡಿದರು. ಟೈರ್ ಗಾಡಿಯ ಜುಲ್ಫಿಕರ್ ಶುಕ್ರವಾರ ಬೆಳಿಗ್ಗೆಯೇ ಸಿ.ಎಸ್. ಪುರಕ್ಕೆ ಹೋಗಿದ್ದ. ಅಶ್ಫಾಕನ ಚೈನ್ ಗಾಡಿ ಇಲ್ಲೇ ಇತ್ತು. ಕೀ ಎಂದಿನಂತೆ ಸೀಟಿನ ಕೆಳಗಿತ್ತು.

"ಯಜಮಾನ್ರು ಯಾವ್ದು ಒಪ್ಪಿದ್ರು?" ಚನ್ನಬಸವಯ್ಯ ಪೊಲೀಸ್ ಜೀಪಿನ ಪಕ್ಕ ನಿಂತಿದ್ದ ಅಶ್ಫಾಕನನ್ನು ಕೇಳಿದರು.

"ಚೈನಿಂದೇ ಸಾರ್. ಟೈರಿಂದು ಬೇಗ ಓಡುತ್ತೆ, ಖರ್ಚೂ ಕಮ್ಮಿ. ಆದ್ರೆ ಹಸಿ ನೆಲದಲ್ಲಿ ಹೂತ್ಕೊಳ್ಳುತ್ತೆ. ಇದು ನೆಲ ಅದುಮಲ್ಲ ಅಂತ ಖುಷಿಪಟ್ರು. ಯಾವ ಲಿವರ್ ಎತ್ತಿದ್ರೆ ಏನಾಗುತ್ತೆ ಅಂತ ಪಕ್ಕದಲ್ಲೇ ನಿಂತು ಕೇಳ್ಕೊಂಡ್ರು."

ಚನ್ನಬಸವಯ್ಯ ಒಂದು ಗಂಟೆ ತೋಟದಲ್ಲಿ ತಲೆ ಬಗ್ಗಿಸಿಕೊಂಡು ಓಡಾಡಿದರು. ಹೇಳಿದಲ್ಲೆಲ್ಲ ನಾನು ಕ್ಲಿಕ್ಕಿಸಿದೆ. ರಾಶಿಯ ಮುಂದೆ ಚೈನು ನಿಂತಲ್ಲೇ ತಿರುಗಿ ಮಣ್ಣನ್ನು ಕಿತ್ತು ಹಾಕಿದ ಗುರುತು. ಇನ್ನೊಂದು ಕಡೆ, ಎರಡು ಸಾಲುಗಳ ನಡುವೆ, ಮರವಿಲ್ಲದ ಖಾಲಿ ಜಾಗ. ಅದರ ಮೇಲೆ ಟೈರಿನ ಗುರುತೊಂದು, ಚೈನಿನ ಗುರುತೊಂದು ನೇರವಾಗಿ ಹಾದಿದ್ದವು. ರಾಶಿಗೆ ಹೋದ ಚೈನಿನ ಹೊಸ ಗುರುತು ಮಾತ್ರ ಆ ಜಾಗವನ್ನು ಬಳಸಿಕೊಂಡು ಹೋಗಿತ್ತು. ಬರೀ ಹುಲ್ಲು. ನನ್ನ ಮಟ್ಟಿಗೆ ರೀಲು ದಂಡ.

ಆಮೇಲೆ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಸಿದ್ದಗಂಗಯ್ಯ, ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ, ಅಶ್ಫಾಕ್, ಜುಲ್ಫಿಕರ್. ಹಜರಾ ಬೀ ಮಗನ ತೋಳು ಹಿಡಿದು ನಿಂತಿದ್ದರು.

"ಅಶ್ಫಾಕ್ ಈ ಗಾಡಿ ಓಡಿಸಿಲ್ಲ" ಎಂದರು ಚನ್ನಬಸವಯ್ಯ. "ಕಲಿತೋನು ಚೈನ್ ಕಳಚಿಕೊಳ್ಳುತ್ತೆ ಅಂತ ನಿಂತಲ್ಲೇ ತಿರುಗಿಸಲ್ಲ, ದೊಡ್ಡದಾಗಿ ಸುತ್ತು ಹಾಕ್ತಾನೆ. ತೋಟದ ತುಂಬ ಇವ್ನು ಹಾಗೇ ಮಾಡವ್ನೆ. ರಾಶಿ ಮುಂದೆ ಗಾಡಿ ನಿಂತಲ್ಲೇ ತಿರುಗಿದೆ."

"ಈ ಚಿಕ್ಕ ಟೈರ್ ಗಾಡಿಯೋರು ಹಂಗೇ ನಿಂತಲ್ಲೇ ತಿರುಗಿಸೋದು" ಎಂದು ಸಬ್ ಇನ್ಸ್‌ಪೆಕ್ಟರು ಜುಲ್ಫಿಕರನ ಕಡೆ ನೋಡಿದರು. ಅವನು ಹಿಂದಕ್ಕೆ ಸರಿದ.

"ನನಗೂ ಮೊದ್ಲು ಹಂಗೇ ಅನ್ನಿಸ್ತು. ಆದ್ರೆ ಈ ಖಾಲಿ ಜಾಗ ನೋಡಿ. ಅಶ್ಫಾಕೂ ಇದರ ಮೇಲೆ ಹೋಗವ್ನೆ, ಜುಲ್ಫಿಕರೂ ಹೋಗವ್ನೆ. ಅವರಿಗೆ ಇದು ಬರೀ ನೆಲ. ನಿನ್ನೆ ಓಡಿಸಿದೋರಿಗೆ ಮಾತ್ರ ಇದನ್ನ ತುಳಿಯೋಕೆ ಆಗಿಲ್ಲ. ಗಾಡಿ ಅವರಿಗೆ ಹೊಸದು, ಕೈಗೆ ಹಿಡಿತವಿಲ್ಲ, ಆದ್ರೂ ಸುತ್ತಿಕೊಂಡೇ ಹೋಗವ್ರೆ." ಅವರು ನಿಧಾನವಾಗಿ ತಿರುಗಿದರು. "ಇಲ್ಲಿ ಏನಿದೆ, ಯಜಮಾನ್ರೇ?"

"ಏನೂ ಇಲ್ಲ" ಎಂದರು ಸಿದ್ದಗಂಗಯ್ಯ.

"ಏನೂ ಇಲ್ವಾ?"

ಕೇಳಿದ್ದು ಸುಬ್ಬಲಕ್ಷ್ಮಮ್ಮ.

"ಏನೂ ಇಲ್ಲ ಅಂತೀರಾ? ನಮ್ ಮಗೂನ ಮಣ್ ಮಾಡಿರೋ ಜಾಗ ಸ್ವಾಮಿ ಇದು. ಹನ್ನೊಂದು ದಿನದ ಹೆಣ್ಮಗು. ಅಷ್ಟು ಚಿಕ್ಕೋರಿಗೆ ಕಲ್ಲು ನೆಡಲ್ಲ. ನಮ್ಮಿಬ್ರನ್ನ ಬಿಟ್ರೆ ಗೊತ್ತಿರೋರು ಯಾರೂ ಉಳಿದಿಲ್ಲ. ಬುಧವಾರ ಟೈರ್ ಗಾಡಿ ಅವಳ ಮೇಲೆ ಹೋಯ್ತು, ಇವ್ರು ಒಂದ್ ಮಾತು ಆಡಲಿಲ್ಲ. ಒಳಗೆ ಬಂದು ಚೈನಿಂದೇ ತರಾಣ, ಅದು ಅದುಮಲ್ವಂತೆ ಅಂದ್ರು."

ಸಿದ್ದಗಂಗಯ್ಯ ಹುಲ್ಲಿನ ಮೇಲೆ ಕೂತುಬಿಟ್ಟರು. ನಾನು ಕ್ಯಾಮೆರಾ ಎತ್ತಿದವನು ಕೆಳಗಿಳಿಸಿದೆ. ಯಾಕೆಂದು ಈಗಲೂ ಗೊತ್ತಿಲ್ಲ.

"ನಿನ್ನೆ ಮಧ್ಯಾಹ್ನ ಯಾರೂ ಇಲ್ದಾಗ ಒಂದ್ಸಲ ಓಡಿಸಿ ನೋಡಾಣ ಅಂತ ಹತ್ತಿದೆ" ಎಂದರು. "ಕದರಯ್ಯ ಉಂಡು ರಾಶಿ ಹಿಂದೆ ಮಲಗಿದ್ದ. ನಂಗೆ ಕಾಣಲಿಲ್ಲ. ಗೋಡು ಸುರಿದು ಇಳಿದು ನೋಡ್ತೀನಿ, ಕಾಲು. ಕೈಯಲ್ಲೇ ಬಗೆದಿದ್ರೆ ಬದುಕ್ತಿದ್ನೇನೋ. ಕೈ ಆಡಲಿಲ್ಲ. ಗಾಡಿ ಹಿಂದಕ್ಕೆ ತಂದು ನಿಲ್ಲಿಸಿ, ಮನೆಗೋಗಿ ಮಲಗಿದೆ."

"ನನ್ ಮಗನ ಮೇಲೆ ಅಪವಾದ ಬಂದಾಗ?" ಹಜರಾ ಬೀ ಕೇಳಿದರು. ಅವರ ಧ್ವನಿ ಏರಲಿಲ್ಲ.

ಸಬ್ ಇನ್ಸ್‌ಪೆಕ್ಟರು ಕೆಮ್ಮಿದರು. "ಅಮ್ಮಾ, ನೀವು ಹೇಳಿದ್ದನ್ನ ಬರೆಸಿ ಸಹಿ ಹಾಕ್ಬೇಕಾಗುತ್ತೆ. ಯಜಮಾನ್ರ ವಿರುದ್ಧ ಆಗುತ್ತೆ. ಯೋಚನೆ ಮಾಡಿ."

ಸುಬ್ಬಲಕ್ಷ್ಮಮ್ಮ ಗಂಡನನ್ನು ನೋಡಿದರು. ಆಮೇಲೆ ಅಶ್ಫಾಕನ ತೋಳನ್ನು ಇನ್ನೂ ಬಿಡದಿದ್ದ ಆ ಕೈಯನ್ನು ನೋಡಿದರು.

"ಹಾಕ್ತೀನಿ" ಎಂದರು. "ಈಯಮ್ಮನ ಮಗು ಮನೆಗೆ ಹೋಗ್ಲಿ."