ಮೂರನೇ ಗೇರಿನ ಸಿಳ್ಳೆ

ಆಯುಧಪೂಜೆಯ ದಿನ ಯಾವ ಮೆಕ್ಯಾನಿಕ್ಕೂ ಸ್ಪ್ಯಾನರ್ ಮುಟ್ಟುವುದಿಲ್ಲ. ಹರ್ಷಿಣಿಯ ಕಾರು ಕೆಡಲು ಅದೇ ದಿನವನ್ನು ಆರಿಸಿಕೊಂಡಿತು. ಚೆನ್ನೈನ ಉತ್ತರ ತುದಿಯ ತಿರುವೊಟ್ಟಿಯೂರಿನ ಫ್ಯಾಕ್ಟರಿಯೊಂದರ ಪೂಜೆಗೆ ಕೇಸರಿಬಾತು, ಕಡಲೆಕಾಳಿನ ಸುಂಡಲ್ ಇಳಿಸಿ ಅವಳು ದಕ್ಷಿಣ ತುದಿಯ ಪಲ್ಲಾವರಂಗೆ ವಾಪಸು ಹೊರಟಿದ್ದಳು. ಹಿಂದಿನಿಂದ ನೀಲಿ ಹೊಗೆ ಎದ್ದಿತು. ಆಟೊದವನೊಬ್ಬ ಪಕ್ಕಕ್ಕೆ ಬಂದು ಆ ವಿಷಯವನ್ನು ತಮಿಳಿನಲ್ಲಿ ಸವಿಸ್ತಾರವಾಗಿ ತಿಳಿಸಿ ಹೋದ.

ಮೊದಲು ಕಂಡ ಗ್ಯಾರೇಜಿಗೆ ಕಾರು ತಿರುಗಿಸಿದಳು. ಅಲ್ಲಿ ಸ್ಪ್ಯಾನರ್‌ಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಪಟದ ಮುಂದೆ ಸಾಲಾಗಿ ಮಲಗಿದ್ದವು. ಹಣೆ ತುಂಬ ವಿಭೂತಿ ಧರಿಸಿದ್ದ ಯುವಕನೊಬ್ಬ ಎದ್ದು ಬಂದು, ಇವತ್ತು ಕೆಲಸ ಇಲ್ಲ ಎಂದು ತಮಿಳಿನಲ್ಲಿ ಹೇಳಿದ. ಇನ್ನೆಂತ ಮಾಡುವುದಪ್ಪ ಎಂದು ಅವಳು ತನ್ನಷ್ಟಕ್ಕೆ ಗೊಣಗಿಕೊಂಡಳು.

"ಕನ್ನಡದವರೇನ್ರಿ?" ಅವನ ಮುಖ ಅರಳಿತು.

ಹೆಸರು ಕುಮಾರಸ್ವಾಮಿ. ಅಪ್ಪ ಕಲಬುರಗಿಯಿಂದ ಚೆನ್ನೈಗೆ ತೊಗರಿಬೇಳೆ ವ್ಯಾಪಾರಕ್ಕೆ ಬಂದವರು. ಮಗ ಬೇಳೆ ಬಿಟ್ಟು ಎಂಜಿನಿಯರಿಂಗ್ ಓದಿ ಗ್ಯಾರೇಜು ತೆರೆದಿದ್ದ. ಬಾನೆಟ್ ಎತ್ತಲು ಸ್ಪ್ಯಾನರ್ ಬೇಕಿಲ್ಲವಲ್ಲ, ಎತ್ತಿದ. ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದ. ಅದರ ತುದಿಗೆ ಡಾಂಬರಿನಂಥದ್ದೇನೋ ಅಂಟಿತ್ತು. ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದ.

ಬದಲಿಸುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ಅವಳ ಅಪ್ಪ, ಉಡುಪಿಯ ಕಾಂತಪ್ಪನವರು ಪಲ್ಲಾವರಂನಲ್ಲಿ ಹೋಟೆಲು ನಡೆಸುವವರು. ಬಜ್ಜಿ ಬಾಣಲೆಯಲ್ಲಿ ಎಣ್ಣೆ ಇಳಿದರೆ ಮೇಲಿಂದ ಹೊಸದು ಸುರಿಯುತ್ತಾರೆ, ವಾಸನೆ ಬಂದರೆ ಮಾತ್ರ ಚೆಲ್ಲುತ್ತಾರೆ. ಕಾರಿಗೂ ಅದೇ ಕಾನೂನು. ಎಂಜಿನ್‌ನಲ್ಲಿ ಆಯಿಲ್ ಇಳಿದಾಗಲೆಲ್ಲ ಕಾಂತಪ್ಪನವರು ಸ್ವತಃ ಸುರಿದು, ಮೂಗಿಗೆ ಹಿಡಿದು ನೋಡಿ, ಇನ್ನೂ ಚೆನ್ನಾಗುಂಟು ಎಂದು ಮುಚ್ಚಳ ಹಾಕುತ್ತಿದ್ದರು. ಹರ್ಷಿಣಿ ಇದನ್ನೆಲ್ಲ ತುಸು ಹೆಮ್ಮೆಯಿಂದಲೇ ವಿವರಿಸಿದಳು.

ಕುಮಾರಸ್ವಾಮಿ ನಗಲಿಲ್ಲ. ನಗದೆ ಇರಲು ಪಡುತ್ತಿದ್ದ ಕಷ್ಟ ತುಟಿಯ ಅಂಚಿನಲ್ಲಿ ಕಾಣುತ್ತಿತ್ತು.

"ಬಾಣಲಿ ಎಣ್ಣಿ ಕೆಟ್ರ ತಿಂದವರ ನಾಲಿಗಿಗೆ ಗೊತ್ತಾಗ್ತದ," ಎಂದ. "ಟರ್ಬೊಕ್ಕ ನಾಲಿಗಿ ಇಲ್ರಿ."

ಟರ್ಬೊ ಎನ್ನುವುದು ಎಂಜಿನ್‌ನ ಬಿಸಿ ಹೊಗೆಯ ರಭಸದಲ್ಲೇ ಗಿರಗಿರನೆ ತಿರುಗುವ ಚಕ್ರ, ಅದರ ಜೀವವೆಲ್ಲ ಒಂದು ತೆಳ್ಳನೆಯ ಎಣ್ಣೆಯ ಪದರದ ಮೇಲೆ ನಿಂತಿದೆ ಎಂದು ತಿಳಿಸಿ ಹೇಳಿದ. ಜೋರಾಗಿ ಓಡಿಸಿಕೊಂಡು ಬಂದು ಥಟ್ಟನೆ ಆಫ್ ಮಾಡಿದರೆ ಆ ಎಣ್ಣೆ ಅಲ್ಲೇ ಸುಟ್ಟು ಕರಕಲಾಗುತ್ತದೆ, ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡಬೇಕು ಎಂದ. ಸಾಂಬಾರು ಆರುವ ಮೊದಲು ಮುಟ್ಟಿಸಬೇಕಾದವರಿಗೆ ಆ ಒಂದು ನಿಮಿಷ ಎಲ್ಲಿಂದ ಬರಬೇಕು ಎಂದು ಹರ್ಷಿಣಿ ಕೇಳಿದಳು. ಅವನು ಕಾರಿನಿಂದ ಕಣ್ಣೆತ್ತಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ.

ಪಲ್ಲಾವರಂನ ಅವರ ಮಾಮೂಲಿ ಮೆಕ್ಯಾನಿಕ್ಕು ಫೋನಿನಲ್ಲೇ ಟರ್ಬೊ ಹೋಯಿತು, ಹೊಸದು ಹಾಕಿ ಎಂದು ತೀರ್ಪು ಕೊಟ್ಟಿದ್ದ. ಕುಮಾರಸ್ವಾಮಿ ಮರುದಿನ ಬಿಚ್ಚಿ ನೋಡಿ, ಚಕ್ರಕ್ಕೆ ಏನೂ ಆಗಿಲ್ಲ, ಎಣ್ಣೆ ಹೋಗುವ ಪೈಪು ಮತ್ತು ಒಂದು ಸೀಲು ಬದಲಿಸಿ ಎಂಜಿನ್ ತೊಳೆದರೆ ಸಾಕು ಎಂದ. ಹಾಗೇ ಮಾಡಿದ. ಸಾವಿರ ಕಿಲೋಮೀಟರ್ ಆದ ಮೇಲೆ ಒಮ್ಮೆ ತೋರಿಸಲು ಹೇಳಿದ.

ಹರ್ಷಿಣಿ ಸಾವಿರ ಆಗುವ ಮೊದಲೇ ಹೋದಳು. ಮತ್ತೊಮ್ಮೆ ಹೋದಳು. ಎಂಜಿನ್ ಶುರುವಾದಾಗ ಅವನು ಕಣ್ಣು ಮುಚ್ಚಿ ಕೇಳುವ ರೀತಿ ಅವಳಿಗೆ ಇಷ್ಟವಾಗಿತ್ತು. ಅವಳು ನೋಡುತ್ತಿದ್ದಾಳೆಂದು ತಿಳಿದರೆ ಅವನು ಒರೆಸಿದ ಕಡ್ಡಿಯನ್ನೇ ಮತ್ತೆ ಒರೆಸುತ್ತಿದ್ದ. ಪಲ್ಲಾವರಂನಲ್ಲಿ ಮೆಕ್ಯಾನಿಕ್ಕುಗಳಿಗೆ ಬರಗಾಲವೇ ಎಂದು ಮನೆಯಲ್ಲಿ ಅಮ್ಮ ವಿಮಲಾ ಕೇಳಿದರು.

ಮೂರನೇ ಭೇಟಿಯಲ್ಲಿ ಅವನು ಬಾನೆಟ್ ಮುಚ್ಚಿ ಸಂತೋಷದಿಂದ ಹೇಳಿದ: "ಇನ್ನ ಒಂದ್ ವರ್ಷ ಈ ಕಡಿ ಬರೋದು ಬ್ಯಾಡ್ರಿ. ಗಾಡಿ ಛಲೋ ಅದ."

ಮೆಕ್ಯಾನಿಕ್ಕಿನ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬರಲಾರದು. ಹರ್ಷಿಣಿಗೆ ಅಳು ಬಂತು. ಕಾರು ಕೆಡದಿದ್ದರೆ ಇವನನ್ನು ನೋಡಲು ಕಾರಣವೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಒಂದು ಬೆಲ್ಟೋ ಫಿಲ್ಟರೋ ನೆಪ ಮಾಡಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಇವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳ ಮನಸ್ಸು ಸೋತದ್ದೂ ಅದಕ್ಕೇ.

ಹಾಗಾಗಿ ಸುಳ್ಳನ್ನು ಅವಳೇ ಹೇಳಬೇಕಾಯಿತು. ಎರಡು ವಾರ ಕಾದು, ಮೂರನೇ ಗೇರಿನಲ್ಲಿ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಕೇಳುತ್ತದೆ ಎಂದು ಕಾರು ತಂದು ನಿಲ್ಲಿಸಿದಳು.

ಅವನು ತುಂಬ ಗಂಭೀರನಾದ. ಎಲ್ಲೋ ಗಾಳಿ ಸೋರುತ್ತಿರಬೇಕು ಎಂದ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದ ಪಕ್ಕದ ಎಣ್ಣೂರು ರಸ್ತೆಯಲ್ಲಿ, ಕಂಟೇನರ್ ಲಾರಿಗಳ ನಡುವೆ, ಮೂರನೇ ಗೇರಿನಲ್ಲಿ ಹೋದ, ಬಂದ, ಮತ್ತೆ ಹೋದ. ಎ.ಸಿ. ಆಫ್ ಮಾಡಿದ. ಮಾತಾಡಬೇಡಿ ಎಂದ. ಕುತ್ತಿಗೆ ಓರೆ ಮಾಡಿ, ಇಲ್ಲದ ಸಿಳ್ಳೆಗೆ ಕಿವಿಗೊಟ್ಟು ಕೂತವನ ಕಿವಿಯ ಹಿಂದೆ ಗ್ರೀಸಿನ ಒಂದು ಗೆರೆ ಇತ್ತು. ಅದನ್ನು ಒರೆಸುವ ಆಸೆಯಾಗಿ ಹರ್ಷಿಣಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಗ್ಯಾರೇಜಿಗೆ ಬಂದು ಅವನು ಗಾಳಿಯ ಪೈಪುಗಳನ್ನೆಲ್ಲ ಬಿಚ್ಚಿದ. ಒಂದೊಂದಕ್ಕೂ ಸೋಪಿನ ನೀರು ಹಚ್ಚಿ ಗಾಳಿ ಹಾಯಿಸಿ ನೋಡಿದ. ಬೇರೆ ಗಿರಾಕಿಯೊಬ್ಬರನ್ನು ನಾಳೆ ಬನ್ನಿ ಎಂದು ವಾಪಸು ಕಳಿಸಿದ. ಊಟಕ್ಕೂ ಏಳಲಿಲ್ಲ. ಅವಳಿಗೆ ನಾಚಿಕೆಯಾಗತೊಡಗಿತು.

"ಸಿಗ್ತಾ ಇಲ್ರಿ," ಎಂದ ಕೊನೆಗೆ. ಅವನ ಮುಖ ಸಣ್ಣದಾಗಿತ್ತು. "ನೀವು ಕೇಳೀರಿ ಅಂದ್ಮ್ಯಾಲ ಇದ್ದೇ ಇರ್ತದ. ನನ್ನ ಕಿವೀನೇ ಮಂದ ಆಗ್ಯಾವೇನೋ."

ಇನ್ನು ಸುಮ್ಮನಿರಲು ಅವಳಿಗೆ ಆಗಲಿಲ್ಲ.

"ಸಿಳ್ಳೆ ಇರಲೇ ಇಲ್ಲ," ಎಂದಳು. "ನಾನು ಸುಳ್ಳು ಹೇಳಿದ್ದು."

ಅವನು ಪೈಪನ್ನು ಕೆಳಗಿಟ್ಟ. ಸಿಟ್ಟು ಬಂದಿತ್ತು, ಅದು ನ್ಯಾಯವಾದ ಸಿಟ್ಟು. ಗಿರಾಕಿ ಹೇಳುವ ಮಾತು ನಂಬದಿದ್ದರೆ ತಾನು ಕೆಲಸ ಶುರು ಮಾಡುವುದೇ ಹೇಗೆ ಎಂದು ಮೆಲ್ಲಗೆ ಕೇಳಿದ. ಯಾಕೆ ಹಾಗೆ ಮಾಡಿದಿರಿ ಎಂದೂ ಕೇಳಿದ.

"ಒಂದು ವರ್ಷ ಬರಬೇಡಿ ಅಂದ್ರಲ್ಲ ಮಾರಾಯ್ರೆ. ನನಗೆ ಒಂದು ವರ್ಷ ಇರ್ಲಿಕ್ಕೆ ಆಗುವುದಿಲ್ಲ."

ಕುಮಾರಸ್ವಾಮಿ ಪೈಪುಗಳನ್ನು ಒಂದೊಂದಾಗಿ ಜೋಡಿಸಿದ, ಒಂದೊಂದು ಕ್ಲಾಂಪನ್ನೂ ಬಿಗಿ ಮಾಡಿ ಎಳೆದು ನೋಡಿದ. ಎಲ್ಲ ಮುಗಿದ ಮೇಲೆ ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತ. ಕಿವಿಗಳು ಕೆಂಪಾಗಿದ್ದವು.

"ಹೇಳೋದು ನಾನೇ ಹೇಳಬೇಕಾಗಿತ್ರಿ. ಧೈರ್ಯ ಆಗ್ಲಿಲ್ಲ. ಇನ್ಮ್ಯಾಲ ಗಾಡಿ ಬಿಟ್ಟು ಬರ್ರಿ."

"ಅಪ್ಪ ಕೇಳಿದ್ರೆ ಎಂತ ಹೇಳುವುದು?"

"ಖರೇ ಹೇಳ್ರಿ."

ಸಂಜೆ ಹೋಟೆಲಿನಲ್ಲಿ ಕಾಂತಪ್ಪನವರು ಕ್ಯಾಷಿನಲ್ಲಿ ಕೂತು, ಕಾರಿಗೆ ಏನಾಗಿತ್ತಂತೆ ಎಂದು ಕೇಳಿದರು. ಪಕ್ಕದಲ್ಲಿ ವಿಮಲಾ ಬಾಳೆ ಎಲೆ ಒರೆಸುತ್ತಿದ್ದರು.

"ಕಾರಿಗೆ ಎಂತದ್ದೂ ಆಗ್ಲಿಲ್ಲ ಅಪ್ಪ. ನಾನು ಅವರನ್ನು ನೋಡ್ಲಿಕ್ಕೆ ಹೋದದ್ದು."

ವಿಮಲಾ ಎಲೆ ಒರೆಸುವುದನ್ನು ನಿಲ್ಲಿಸಿದರು. ಕಾಂತಪ್ಪನವರು ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟರು. ಇನ್ನೊಬ್ಬರಿಗೆ ಪಾರ್ಸೆಲ್ ಕೊಡಿಸಿದರು. ಆಮೇಲೆ ಕನ್ನಡಕ ತೆಗೆದು ಮಗಳ ಕಡೆ ತಿರುಗಿದರು.

"ಆದಿತ್ಯವಾರ ಊಟಕ್ಕೆ ಬರ್ಲಿಕ್ಕೆ ಹೇಳು," ಎಂದರು. "ಕಲಬುರಗಿಯ ಹುಡುಗ, ಜೋಳದ ರೊಟ್ಟಿ ಬೇಕಾಗಬಹುದು. ನಮ್ಮಲ್ಲಿ ಯಾರಿಗೆ ತಟ್ಲಿಕ್ಕೆ ಬರ್ತದೆ?"