ಒಂಬತ್ತರಲ್ಲಿ ಉಳಿದ ಎರಡು ದೀಪ

ಆಟ ಮುಂದಕ್ಕೆ ಹೋಗಿತ್ತು. ಆಡುತ್ತಿದ್ದವನು ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು.

ಗುರುವಾರ ಮಧ್ಯಾಹ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಟವೆಲಿನ ಗಂಟು ಬಿಚ್ಚುತ್ತ ಅವನ ತಂಗಿ ಹೇಳಿದ್ದು ಇಷ್ಟೇ. ಹೇಳಿದವಳೇ ಹಿಂತಿರುಗಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಗಂಟಿನಲ್ಲಿದ್ದದ್ದು ಮೂವತ್ತು ವರ್ಷ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ, ಜೊತೆಗೆ ಒಂದೇ ಒಂದು ಕ್ಯಾಸೆಟ್. ಅಂಗಡಿಯಾಕೆಗೆ ಎರಡೂ ಚೆನ್ನಾಗಿ ಗೊತ್ತು. ಬೀದಿಯವರೆಲ್ಲ ಆಕೆಯನ್ನು ಬೆಸುಗೆ ಅಕ್ಕ ಎನ್ನುತ್ತಿದ್ದರು. ನಲವತ್ತು ದಾಟಿದ ಮೇಲೆ, ಮಗನ ವಯಸ್ಸಿನವರ ಪಕ್ಕ ಕೂತು ಸಂಜೆ ಶಾಲೆಯಲ್ಲಿ ಈ ವಿದ್ಯೆ ಕಲಿತವಳು. ಒಂದು ತಂತಿ ಹಚ್ಚಿದರೆ ಮೂರು ಸಲ ಎಳೆದು ನೋಡುವ ಸ್ವಭಾವ. ಎರಡು ತಿಂಗಳ ಹಿಂದೆ ಈ ಪೆಟ್ಟಿಗೆಯ ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಿ, ಕ್ಯಾಸೆಟ್ ಕಚ್ಚಿಕೊಳ್ಳುವ ಸವೆದ ಹಲ್ಲುಸಾಲು ತೆಗೆದು ಹೊಸದು ಕೂರಿಸಿ, ಈಗಿನ ಟಿವಿಗೆ ಹೊಂದುವಂತೆ ತಂತಿ ಎಳೆದು ಕೊಟ್ಟವಳು ಅವಳೇ. ಕ್ಯಾಸೆಟ್ಟಿನ ಒಳಗಿದ್ದ ಬಟನ್ ಸೆಲ್ ಬದಲಿಸುವಾಗಲಂತೂ ಅವಳ ಜೀವ ಬಾಯಿಗೆ ಬಂದಿತ್ತು. ಸತ್ತವನ ಆಟದ ನೆನಪೆಲ್ಲ ಆ ಸೆಲ್ಲಿನ ಬಲದ ಮೇಲೆ ನಿಂತಿತ್ತು. ಒಂದು ಕ್ಷಣ ವಿದ್ಯುತ್ತು ತಪ್ಪಿದರೂ ಎಲ್ಲ ಅಳಿಸಿಹೋಗುತ್ತಿತ್ತು. ಹೊರಗಿನಿಂದ ತಂತಿಯಲ್ಲಿ ಜೀವ ಕೊಟ್ಟುಕೊಂಡೇ ಹಳೆಯದನ್ನು ಕಿತ್ತು ಹೊಸದನ್ನು ಬೆಸೆದಿದ್ದಳು.

"ಎಷ್ಟು ಮುಂದಕ್ಕೆ?" ಎಂದಳು ಬೆಸುಗೆ ಅಕ್ಕ.

"ನೀವೇ ನೋಡಿ."

ಟಿವಿಯಲ್ಲಿ ದ್ವೀಪ ಮೂಡಿತು. ಒಂದು ತುದಿಗೆ ದೀಪಸ್ತಂಭ, ಇನ್ನೊಂದು ತುದಿಗೆ ಪುಟ್ಟ ಮನೆ, ನಡುವೆ ಸಮುದ್ರ ಮತ್ತು ಬಂಡೆಗಳು. ದೀಪಸ್ತಂಭದ ಹೊರಗೆ, ಸುರಿಯುವ ಮಳೆಯಲ್ಲಿ, ಹೆಬ್ಬೆರಳಿನಷ್ಟು ಎತ್ತರದ ಮನುಷ್ಯ ನಿಂತಿದ್ದ. ಮುಖ ಇತ್ತ ಕಡೆಗೇ.

ಮೇಲಿನ ಸಾಲಿನಲ್ಲಿ ಒಂಬತ್ತು ದೀಪ ಇರಬೇಕಿತ್ತು. ಎರಡೇ ಉರಿಯುತ್ತಿದ್ದವು.

ಈ ಆಟ ಕಟ್ಟಿದವರು ಕರುಣೆಯಿಲ್ಲದವರು. ಮನುಷ್ಯ ಸಮುದ್ರಕ್ಕೆ ಬಿದ್ದಾಗಲೆಲ್ಲ ಒಂದು ದೀಪ ಆರುತ್ತದೆ. ಕೊನೆಯದೂ ಆರಿತೋ, ಆಟ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಅಳಿಸಿಬಿಡುತ್ತದೆ. ಅಣ್ಣ ಕೂಡಿಟ್ಟ ನಾನೂರ ಹನ್ನೆರಡು ಗಂಟೆಗಳೂ ಹೋದಂತೆ.

ಪರದೆಯ ಮೂಲೆಯ ಲೆಕ್ಕದ ಪ್ರಕಾರ ಈಗ ನಾನೂರ ಹದಿನಾರು ಗಂಟೆಯಾಗಿತ್ತು.

ತಂಗಿ ಬಸ್ ಡಿಪೋದಲ್ಲಿ ಬೆಳಗಿನ ಪಾಳಿಯವಳು. ಎರಡು ವಾರದಿಂದ ಹೀಗಾಗುತ್ತಿದೆಯೆಂದಳು. ಅಮ್ಮ ಆರಕ್ಕೆ ವಾಕಿಂಗ್ ಹೋಗಿ ಏಳಕ್ಕೆ ಬರುತ್ತಾರೆ. ಬಂದು ಅಣ್ಣನ ಫೋಟೊದ ಮುಂದಿರುವ ತಗಡಿನ ಡಬ್ಬಿಯಿಂದ ಕ್ಯಾಸೆಟ್ ತೆಗೆದು ಹಾಕಿ, ಆ ಮನುಷ್ಯನನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಡಬ್ಬಿಗೆ ಸೇರಿಸುತ್ತಾರೆ. ಕಂಟ್ರೋಲರ್ ಮುಟ್ಟುವುದೂ ಇಲ್ಲ. ಒಂದು ಬೆಳಿಗ್ಗೆ ದೀಪ ಎಂಟಾಗಿತ್ತು. ಮೂರು ದಿನ ಬಿಟ್ಟು ಏಳು.

"ಅಮ್ಮ ಏನಂತಾರೆ?"

ತಂಗಿ ಟವೆಲ್ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಅವನು ಮನೆಗೆ ಬರೋಕೆ ನೋಡ್ತಿದ್ದಾನೆ, ದಾರೀಲಿ ಬೀಳ್ತಿದ್ದಾನೆ ಅಂತಾರೆ. ಅಳೋದೂ ಇಲ್ಲ ಅಕ್ಕ. ಐದನೇ ದೀಪ ಆರಿದ ದಿನದಿಂದ ರಾತ್ರಿ ಊಟ ಬಿಟ್ಟಿದ್ದಾರೆ. ನಿನ್ನೆ ತಲೆ ಬಾಚ್ಕೊಳ್ತಾ, ಕೊನೇದೂ ಆರಿದ್ರೆ ನಾನಿನ್ನು ಯಾಕೆ ಏಳ್ಬೇಕು ಅಂದ್ರು. ಹಾಲು ಉಕ್ಕಿತು ನೋಡು ಅನ್ನೋ ಹಾಗೆ ಅಂದ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಬೆಸುಗೆ ಅಕ್ಕನದು. ಕದಿಯದೆ ಇದ್ದರೂ ಮುಟ್ಟಿಕೊಳ್ಳುತ್ತಾಳೆ. ತನ್ನದೇ ತಪ್ಪಿರಬೇಕು ಎಂದು ಸ್ಕ್ರೂ ಡ್ರೈವರ್ ಎತ್ತಿಕೊಂಡಳು. ಕ್ಯಾಸೆಟ್ಟಿನ ಸ್ಕ್ರೂ ಮೇಲೆ ತಾನು ಹಚ್ಚಿದ್ದ ಉಗುರು ಬಣ್ಣದ ಚುಕ್ಕೆ ಒಡೆದಿರಲಿಲ್ಲ. ಅಂದರೆ ಯಾರೂ ಬಿಚ್ಚಿಲ್ಲ. ಒಳಗೆ ಸೆಲ್ಲಿನ ಶಕ್ತಿ ಸರಿಯಾಗಿತ್ತು. ಬೆಸುಗೆ ಬಿಟ್ಟಿರಲಿಲ್ಲ. ಕ್ಯಾಸೆಟ್ಟಿನ ಅಂಚಿನ ಬಂಗಾರ ಬಣ್ಣದ ಪಟ್ಟಿಗಳ ಮೇಲೆ ಮಾತ್ರ ಮಬ್ಬು ಪೊರೆ ಕಟ್ಟಿ, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆ ಎದ್ದಿತ್ತು.

ಛೆ, ಅವತ್ತು ಸರಿಯಾಗಿ ಒರೆಸಲಿಲ್ಲವೇನೋ ಎಂದು ಅವಳು ತನ್ನನ್ನೇ ಬೈದುಕೊಂಡಳು. ಸ್ಪಿರಿಟ್ ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜಿದಳು. ಫೋಟೊ ತೆಗೆದುಕೊಂಡಳು.

"ಇದು ಯಂತ್ರದ ದೋಷ ಅಲ್ಲಮ್ಮ. ಯಾರೋ ಆಡ್ತಿದ್ದಾರೆ. ಮನೇಲಿ ಯಾರ್ಯಾರಿದ್ದೀರಿ?"

"ಅಮ್ಮ, ನಾನು, ಅಪ್ಪ."

"ಅಪ್ಪ?"

"ಅಪ್ಪನಿಗೆ ಟಿವಿ ಹಾಕೋಕೂ ನಾನೇ ಬೇಕು. ಅದನ್ನ ಕಂಡ್ರೆ ಆಗಲ್ಲ ಅವರಿಗೆ." ಪೆಟ್ಟಿಗೆಯ ಮೂಲೆಯ ಬಿರುಕನ್ನು ತೋರಿಸಿದಳು. ಅಣ್ಣ ಹತ್ತನೇ ತರಗತಿಯಲ್ಲಿ ನಪಾಸಾದಾಗ ಅಪ್ಪ ಅದನ್ನು ಕಿಟಕಿಯಿಂದ ಎಸೆದಿದ್ದರಂತೆ. ಅಣ್ಣ ಹೆಕ್ಕಿ ತಂದು ಅಂಟಿಸಿಕೊಂಡಿದ್ದನಂತೆ. "ನನಗೆ ಅನುಮಾನ ಇರೋದು ಅಣ್ಣನ ಫ್ರೆಂಡ್ ಮೇಲೆ. ಕನ್ನಡಕ ಅಂತ ಕರೀತೀವಲ್ಲ, ಅವನು. ಅವನ ಹತ್ರ ನಮ್ಮ ಮನೆ ಕೀಲಿ ಇದೆ. ಈ ಕ್ಯಾಸೆಟ್ ಕೊಡಿ ಅಂತ ಅಮ್ಮನ ಹತ್ರ ಎರಡು ಸಲ ಕೇಳಿದ್ದಾನೆ."

ಆಟದ ನಕಲು ತೆಗೆದಿಟ್ಟುಕೊಳ್ಳೋಣವೇ ಎಂದು ಬೆಸುಗೆ ಅಕ್ಕ ಮೊದಲ ಸಲವೇ ಕೇಳಿದ್ದಳು. ತಾಯಿ ಒಪ್ಪಿರಲಿಲ್ಲ. ನಕಲು ಮಾಡಿದರೆ ಎರಡರಲ್ಲಿ ಯಾವುದು ನನ್ನ ಮಗ ಎಂದಿದ್ದರು. ಆ ಪ್ರಶ್ನೆಗೆ ಸಂಜೆ ಶಾಲೆಯಲ್ಲಿ ಉತ್ತರ ಕಲಿಸಿರಲಿಲ್ಲ. ಬೆಳಿಗ್ಗೆ ಅಮ್ಮ ಹುಡುಕುತ್ತಾರೆಂದು ತಂಗಿ ಅಂದೇ ಗಂಟನ್ನು ಮನೆಗೆ ಒಯ್ದಳು.

ಶುಕ್ರವಾರ ಬೆಸುಗೆ ಅಕ್ಕ ಅವನ ಕನ್ನಡಕದ ಅಂಗಡಿಗೆ ಹೋದಳು. ಗೆಳೆಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ. ಕೀಲಿ ಇರುವುದು ನಿಜವೆಂದು ಒಪ್ಪಿಕೊಂಡ. ಕ್ಯಾಸೆಟ್ ಕೇಳಿದ್ದೂ ನಿಜ. ದೀಪ ಎರಡೇ ಉಳಿದಿವೆ ಎಂದಾಗ ಅವನ ಕೈಯಲ್ಲಿದ್ದ ಗಾಜು ಜಾರಿ ನೀರಿನ ತೊಟ್ಟಿಗೆ ಬಿತ್ತು.

"ಎಲ್ಲಿ ಬೀಳ್ತಿದ್ದಾನೆ?"

"ದೀಪಸ್ತಂಭದ ಹತ್ರಾನೇ ಇರ್ಬೇಕು. ಯಾವಾಗಲೂ ಅಲ್ಲೇ ನಿಂತಿರ್ತಾನಂತೆ."

"ಮೊದಲನೇ ಬಂಡೆ." ಅವನು ತಲೆಯಾಡಿಸಿದ. "ಅಲ್ಲಿ ಎಳೆ ಮಕ್ಕಳೂ ಬೀಳಲ್ಲ ಅಕ್ಕ. ನಾನು ಬೇಕಂತ ಬೀಳಿಸ್ತಿದ್ದೀನಿ ಅಂತ ನಿಮಗನ್ಸಿದ್ರೆ ಅನ್ಸ್ಲಿ. ಅವನ ಆಟ ಅಳಿಸೋ ಮೊದಲು ನನ್ನ ಬೆರಳು ಕತ್ತರಿಸ್ಕೋತೀನಿ."

ಕಳ್ಳರೂ ಇದೇ ಮಾತಾಡುತ್ತಾರಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೊರಡುವಾಗ ಅವನು ಇನ್ನೊಂದು ಮಾತು ಸೇರಿಸಿದ. ತೀರಿಹೋದ ಗೆಳೆಯನಿಗೆ ಒಂದು ನೇಮವಿತ್ತಂತೆ. ಎಷ್ಟೇ ಹೊತ್ತಾಗಲಿ, ಆ ಪುಟ್ಟ ಮನುಷ್ಯನನ್ನು ಮನೆಯೊಳಗೆ ಸೇರಿಸಿದ ಮೇಲೆಯೇ ಆಟ ಆರಿಸುತ್ತಿದ್ದ. ಕೊನೆಯ ದಿನ ಮಾತ್ರ ಆ ಪುಟ್ಟ ಮನುಷ್ಯ ಹೊರಗೇ ಉಳಿದುಬಿಟ್ಟ.

ಶನಿವಾರ ಅವಳಿಗೆ ಬೇರೆ ಕೆಲಸ ಕೈ ಹತ್ತಲಿಲ್ಲ. ಕೆಲಸ ಮುಗಿಸಿದಾಗಲೆಲ್ಲ ಫೋಟೊ ತೆಗೆದಿಡುವುದು ಅವಳ ರೂಢಿ. ನಾಳೆ ಯಾರಾದರೂ ನಿನ್ನ ತಪ್ಪು ಎಂದರೆ? ಎರಡು ತಿಂಗಳ ಹಿಂದಿನ ಫೋಟೊ ತೆಗೆದು ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು.

ಪಟ್ಟಿಗಳು ಅಂದೂ ಹೊಳೆಯುತ್ತಿದ್ದವು. ಒಂದು ಚುಕ್ಕೆಯೂ ಇರಲಿಲ್ಲ.

ಹಾಗಾದರೆ ಆ ಪೊರೆ? ಎರಡೇ ತಿಂಗಳಲ್ಲಿ, ಮುಚ್ಚಿದ ಡಬ್ಬಿಯಲ್ಲಿಟ್ಟ ಕ್ಯಾಸೆಟ್ಟಿಗೆ ಅಂಥ ಪೊರೆ ಕಟ್ಟುವುದು ಒಂದೇ ಒಂದರಿಂದ. ಅವಳು ಲಗುಬಗೆಯಿಂದ ನೋಟ್ ಬುಕ್ ತೆರೆದಳು. ಪೆಟ್ಟಿಗೆಯನ್ನು ಮನೆಗೆ ಒಯ್ದು ಜೋಡಿಸಿಕೊಟ್ಟ ದಿನ ಕೆಂಪು ಶಾಯಿಯಲ್ಲಿ ಬರೆದಿದ್ದಳು. ಒಂದು ಎಚ್ಚರಿಕೆ, ಅದರ ಕೆಳಗೆ ಅದನ್ನು ಯಾರಿಗೆಲ್ಲ ಹೇಳಿದೆ ಎಂಬ ಪಟ್ಟಿ.

ಪಟ್ಟಿಯಲ್ಲಿ ಮೂರೇ ಜನ.

ಭಾನುವಾರ ಮಧ್ಯಾಹ್ನ ಅವಳು ಆ ಮನೆಯ ಎರಡನೇ ಮಹಡಿ ಹತ್ತಿದಾಗ ನಾಲ್ವರೂ ಇದ್ದರು. ಗೆಳೆಯನನ್ನು ಅವಳೇ ಬರಹೇಳಿದ್ದಳು. ಮಗನ ಕೋಣೆಯಲ್ಲಿ ಪರದೆ ಎಳೆದಿತ್ತು. ಮಂಚದ ಮೇಲೆ ಹಾಸಿಗೆ ಹಾಗೇ ಹಾಸಿತ್ತು. ತಾಯಿ ನೆಲದ ಮೇಲೆ ಕೂತಿದ್ದರು. ಎರಡು ತಿಂಗಳ ಹಿಂದೆ ಮುಂಗೈಗೆ ಬಿಗಿಯಾಗಿದ್ದ ಬಳೆ ಈಗ ಕೈಯಿಂದ ಜಾರುತ್ತಿತ್ತು.

"ಒಂದೇ ದೀಪ ಇದೆ," ಎಂದರು ಶಾಂತವಾಗಿ. "ಇವತ್ತು ಬೆಳಿಗ್ಗೆ ಇನ್ನೊಂದು ಆರಿತು. ನಾಳೆ ಬಂದುಬಿಡ್ತಾನೆ. ಇಲ್ಲಾಂದ್ರೆ ಇನ್ನು ಬರಲ್ಲ."

ತಂದೆ ಬಾಗಿಲಿಗೆ ಒರಗಿ ನಿಂತಿದ್ದರು. ಮುಪ್ಪಾದ ಬಡಗಿ. ಎರಡು ಬೆರಳಿನ ಉಗುರು ಕಪ್ಪಾಗಿತ್ತು. ಪರೀಕ್ಷೆಯೂ ಬೇಡ, ಏನೂ ಬೇಡ, ಆ ಹಾಳು ಪೆಟ್ಟಿಗೆಯನ್ನು ಒಯ್ದುಬಿಡಿ ಎಂದು ಗೊಣಗಿದರು.

ಬೆಸುಗೆ ಅಕ್ಕ ಡಬ್ಬಿಯಿಂದ ಕ್ಯಾಸೆಟ್ ತೆಗೆದು ಕಿಟಕಿಯ ಸಂದಿನ ಬೆಳಕಿಗೆ ಹಿಡಿದಳು. ಗುರುವಾರವಷ್ಟೇ ಉಜ್ಜಿದ್ದ ಪಟ್ಟಿಗಳ ಮೇಲೆ ಹೊಸ ಮಬ್ಬು.

ಅದನ್ನು ತಂಗಿಗೆ ಕೊಟ್ಟು ಪೆಟ್ಟಿಗೆಗೆ ಹಾಕಲು ಹೇಳಿದಳು. ತಂಗಿ ಹೆದರಿ ಹೆದರಿ ಒತ್ತಿದಳು. ತಾಯಿ ದಿನದ ಅಭ್ಯಾಸದಂತೆ ಮೆತ್ತಗೆ ಒತ್ತಿದರು. ಗೆಳೆಯ ಜೇಬಿನಿಂದ ಗಾಜು ಒರೆಸುವ ಬಟ್ಟೆ ತೆಗೆದು ಅಂಚು ಒರೆಸಿ ಒತ್ತಿದ. ಮೂವರ ಕೈಯಲ್ಲೂ ಪೆಟ್ಟಿಗೆ ಮೊದಲ ಸಲಕ್ಕೇ ಎದ್ದಿತು. ಹೊಸ ಹಲ್ಲುಸಾಲು ಅಷ್ಟು ಬಿಗಿಯಾಗಿತ್ತು.

"ಅಮ್ಮ, ಸ್ವಲ್ಪ ನೀರು ಕೊಡ್ತೀರಾ?"

ತಾಯಿ ಎದ್ದು ಅಡುಗೆಮನೆಗೆ ಹೋದರು. ಬೆಸುಗೆ ಅಕ್ಕ ತಂದೆಯ ಕಡೆ ಕ್ಯಾಸೆಟ್ ನೂಕಿ, ತಂತಿಗಳ ನಡುವೆ ಎರಡೂ ಕೈ ತೂರಿಸಿ, ಇದೊಂದು ಹಾಕಿಕೊಡಿ ಎಂದಳು, ಅವರ ಮುಖ ನೋಡದೆ.

ಬಾಯಿ ಮುಚ್ಚಿಟ್ಟದ್ದನ್ನು ಕೈ ಮುಚ್ಚಿಡಲಾರದು. ತಂದೆ ಬಗ್ಗಿ ಎತ್ತಿಕೊಂಡರು. ಕೊಳಲಿನಂತೆ ತುಟಿಗೆ ಹಿಡಿದರು. ಊದಿದರು. ಎರಡು ಗಿಡ್ಡ ಉಸಿರು, ಒಂದು ಉದ್ದ ಉಸಿರು.

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದು.

"ಬಂದ್ಯಾ?" ತಾಯಿಯ ದನಿ. ಯಾವತ್ತಿನ ದನಿ ಅದು! ಶಾಲೆಯಿಂದ ಬಂದ ಹುಡುಗನನ್ನು ಕೇಳುವ ದನಿ. "ಬಂದ್ಯೇನೋ ಕಂದಾ?"

ಅಣ್ಣ ಊದುತ್ತಿದ್ದದ್ದೂ ಹೀಗೇ ಎಂದು ತಂಗಿಗೆ ಥಟ್ಟನೆ ನೆನಪಾಯಿತು, ಎರಡು ಗಿಡ್ಡ, ಒಂದು ಉದ್ದ. ತಾಯಿ ಬಾಗಿಲಿಗೆ ಬಂದರು, ನೋಡಿದರು. ಕ್ಯಾಸೆಟ್ ಹಿಡಿದು ನಿಂತಿದ್ದವನು ಮಗನಲ್ಲ, ಗಂಡ.

"ಆಡ್ತಿದ್ದವರು ಇವರೇ," ಎಂದಳು ಬೆಸುಗೆ ಅಕ್ಕ. "ನನ್ನ ತಪ್ಪೂ ಇದೆ. ಸುಳಿವು ಗುರುವಾರವೇ ಕೈಗೆ ಸಿಕ್ಕಿತ್ತು. ನಾನೇ ಸರಿಯಾಗಿ ಒರೆಸಿಲ್ಲ ಅಂದ್ಕೊಂಡು ಉಜ್ಜಿ ಹಾಕ್ಬಿಟ್ಟೆ. ಆ ಪೊರೆ ಬಂದಿದ್ದು ಬಾಯಿಯ ತೇವದಿಂದ. ಹಿಂದೆ ಎಲ್ಲಾ ಮಕ್ಕಳೂ ಕ್ಯಾಸೆಟ್ ಊದ್ತಿದ್ರು, ಊದಿದ್ರೆ ಆಟ ಬರುತ್ತೆ ಅಂತ. ಅದರಿಂದ ಪಟ್ಟಿ ಹಾಳಾಗುತ್ತೆ, ಅಷ್ಟೇ. ಜೋಡಿಸಿಕೊಟ್ಟ ದಿನ ಊದಬೇಡಿ ಅಂತ ಹೇಳಿ, ಒಬ್ಬೊಬ್ಬರ ಬಾಯಲ್ಲೂ ತಿರುಗಿ ಹೇಳಿಸಿದ್ದೆ. ಅಮ್ಮ, ನೀನು, ಕನ್ನಡಕ. ಅವತ್ತು ಪೆಟ್ಟಿಗೆ ಒಳಗೆ ಬರ್ತಿದ್ದ ಹಾಗೇ ಅಪ್ಪ ಹೊರಗೆ ಹೋಗಿದ್ರು. ಮಾತು ಕೇಳಿಸ್ಕೊಳ್ಳದೆ ಇದ್ದವರು ಅವರೊಬ್ಬರೇ. ಗೊತ್ತಿರೋರು ಈಗ ಊದಲ್ಲ. ಊದೋ ಅಗತ್ಯವೂ ಇಲ್ಲ. ಊದೋದೂ ಆಟದ ಒಂದು ಭಾಗ ಅಂತ ನಂಬಿದವರು ಮಾತ್ರ ಊದ್ತಾರೆ. ದೂರದಿಂದ ನೋಡಿ ಕಲಿತವರು."

"ಅಪ್ಪ?" ಎಂದಳು ತಂಗಿ. "ಅಮ್ಮ ಒಂದೊಂದೇ ಊಟ ಬಿಡೋದನ್ನ ನೋಡ್ಕೊಂಡೂ?"

"ನೋಡಿಯೇ ಅವಸರ ಮಾಡಿದ್ದು," ಎಂದರು ತಂದೆ. "ಬೇಗ ಒಳಗೆ ಸೇರಿಸ್ಬಿಟ್ರೆ ಎಲ್ಲ ಸರಿಹೋಗುತ್ತೆ ಅಂತ. ಈ ಕೈ ಉಳಿಗೆ ಬಗ್ಗುತ್ತೆ, ಇದಕ್ಕೆ ಬಗ್ಗಲ್ಲ."

ಉಳಿದದ್ದನ್ನು ಅವರು ಗೋಡೆಗೆ ಹೇಳಿದರು. ಆ ಕೊನೆಯ ದಿನ ಆಂಬುಲೆನ್ಸ್ ಕೆಳಗೆ ಬಂದು ನಿಂತಿತ್ತು. ಮಗ ಎದೆ ಹಿಡಿದುಕೊಂಡು, ಒಂದು ನಿಮಿಷ ಇರಪ್ಪ, ಅವನು ಮಳೇಲಿ ನಿಂತಿದ್ದಾನೆ, ಮನೆಗೆ ಸೇರಿಸಿ ಬರ್ತೀನಿ ಎಂದಿದ್ದ. ಆಟ ಆಡಿದ್ದು ಸಾಕು ಏಳು ಎಂದು ಇವರು ಗದರಿದ್ದರು. ಹಾಗಾದರೆ ರೀಸೆಟ್ ಗುಂಡಿ ಒತ್ತಿ ಹಿಡಿದು ಆರಿಸಿ, ಇಲ್ಲದಿದ್ದರೆ ಅಳಿಸಿಹೋಗುತ್ತೆ ಎಂದಿದ್ದ. ಒತ್ತಿ ಹಿಡಿದು ಆರಿಸಿದ್ದರು. ಅದೇ ಕೊನೆಯ ಮಾತು.

"ಹನ್ನೊಂದು ತಿಂಗಳಿಂದ ಮಳೇಲಿ ನಿಂತಿದ್ದಾನೆ," ಎಂದರು. "ನಾನೇ ನಿಲ್ಸಿದ್ದು."

ಗೆಳೆಯ ಕಂಟ್ರೋಲರಿಗೆ ಕೈ ಚಾಚಿದ. ಎರಡು ನಿಮಿಷದ ಕೆಲಸ, ತಾನು ದಾಟಿಸಿಬಿಡುತ್ತೇನೆಂದ. ಅದು ಸರಿಯೆಂದೇ ಬೆಸುಗೆ ಅಕ್ಕನಿಗೂ ಅನ್ನಿಸಿತು. ಒಂದೇ ದೀಪ.

"ನೀನು ಬೇಡಪ್ಪ," ಎಂದರು ತಾಯಿ. ಗಂಡನ ಪಕ್ಕ ನೆಲದ ಮೇಲೆ ಕೂತರು. "ಆಡಿಲ್ಲ ಅಷ್ಟೇ, ಮೂವತ್ತು ವರ್ಷ ನನ್ನ ಮಗನ ಬೆನ್ನ ಹಿಂದೆ ಬಟ್ಟೆ ಮಡಚ್ತಾ ನೋಡಿದ್ದೀನಿ. ಹಿಡ್ಕೊಳ್ಳಿ."

ತಂದೆ ಹಿಡಿದುಕೊಂಡರು. ಮಳೆ ಸುರಿಯುತ್ತಿತ್ತು. ಪುಟ್ಟ ಮನುಷ್ಯ ಬಂಡೆಯ ತುದಿಗೆ ಬಂದ.

"ಈಗ ಬೇಡ. ಅಲೆ ಹೋಗ್ಲಿ... ಹಾರಿ."

ಹಾರಿದ. ನಿಂತ.

ಎರಡನೆಯ ಬಂಡೆ. ಮೂರನೆಯದರ ಅಂಚಿನಲ್ಲಿ ಮನುಷ್ಯ ವಾಲಿದ. ತಂಗಿ ಮುಖ ಮುಚ್ಚಿಕೊಂಡಳು. ತಾಯಿ ಹಿಂದಕ್ಕೆ, ಹಿಂದಕ್ಕೆ ಎಂದು ಪಿಸುಗುಟ್ಟಿದರು. ತಂದೆಯ ಬೆರಳ ತುದಿ ಗುಂಡಿಯ ಮೇಲೆ ಬೆಳ್ಳಗಾಯಿತು. ಬೆಸುಗೆ ಅಕ್ಕ ತಾನು ಹಾಕಿದ ನೂರಾ ನಾಲ್ಕು ಬೆಸುಗೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಳೆದು ನೋಡುತ್ತಿದ್ದಳು. ಬಿಡಬೇಡ. ಇವತ್ತೊಂದು ದಿನ ಬಿಡಬೇಡ.

ಕೊನೆಯ ಬಂಡೆ. ಮರಳು. ಮೂರು ಮೆಟ್ಟಿಲು. ಮನುಷ್ಯ ಮೊದಲ ಬಾರಿಗೆ ಅವರಿಗೆ ಬೆನ್ನು ತಿರುಗಿಸಿ ಒಳಗೆ ಹೋದ. ಕಿಟಕಿಯಲ್ಲಿ ಹಳದಿ ಬೆಳಕು ಹತ್ತಿತು.

ತಂದೆ ಮುಂದೆ ಬಾಗಿ ಒಂದು ಬೆರಳಿಂದ ರೀಸೆಟ್ ಗುಂಡಿ ಒತ್ತಿ ಹಿಡಿದರು. ಇನ್ನೊಂದು ಕೈ ಸ್ವಿಚ್ಚಿನ ಮೇಲಿತ್ತು.

"ಆರಿಸ್ಲಾ?" ಎಂದು ಹೆಂಡತಿಯನ್ನು ಕೇಳಿದರು.

"ಇರಿ," ಎಂದರು ತಾಯಿ. "ಬಾಗಿಲು ಹಾಕ್ಕೊಳ್ಲಿ."