ಬೋರಲು ಹಾಕಿದ ಹೊಸ್ತಿಲು

ದುಮಿಂಕಾ ತನ್ನ ಸಾವಿನ ಸುದ್ದಿಯನ್ನು ತಾನೇ ಓದಿದ್ದು ವಿಸ್ತೀನನ ಕೊಟ್ಟಿಗೆಯಲ್ಲಿ. ತಲೆ ಮೇಲೆ ಮಣ್ಣಿನ ಬುಟ್ಟಿ ಹಾಗೇ ಇತ್ತು.

ಕಲ್ಲು ಕೆತ್ತುವ ವಿಸ್ತೀನನೇ ಅವಳನ್ನು ಕರೆದಿದ್ದ. ಎರಡು ವಾರ ಬೆನ್ನು ಬಗ್ಗಿಸಿ ಕೆತ್ತಿದ ಬಿಳಿ ಅಮೃತಶಿಲೆ. ಅದರ ಮೇಲೆ ಮೇಜರ್ ಪೆಲ್ಲಿಂಗ್ ದೊರೆ ಬರೆದ ಪದ್ಯ, ಒಬ್ಬ ಹುಡುಗಿಯ ಮೇಲಿನದಂತೆ. ಮಾಲ್ಟಾದಲ್ಲಿ ಸತ್ತ ಇಂಗ್ಲಿಷರಲ್ಲಿ ಅರ್ಧ ಜನರ ಗೋರಿ ಮೇಲಿರುವುದು ವಿಸ್ತೀನನ ಉಳಿಯ ಅಕ್ಷರ, ಆದರೆ ಅವನಿಗೆ ಓದು ಬಾರದು. ಕಾಗದದ ಗೆರೆಯನ್ನು ಕಲ್ಲಿಗಿಳಿಸುವುದಷ್ಟೇ ಅವನ ವಿದ್ಯೆ. ದುಮಿಂಕಾಗೆ ಬರುತ್ತಿತ್ತು. ಇಂಗ್ಲಿಷ್ ಅಧಿಕಾರಿಯೊಬ್ಬನ ಮನೆಯಲ್ಲಿ ಬಟ್ಟೆ ಒಗೆಯುವಾಗ ಅಲ್ಲಿನ ಅಮ್ಮಾವ್ರು ಕೂರಿಸಿ ಬೈಬಲ್ ಓದಿಸಿದ್ದರು.

ಪದ್ಯ ಅವಳ ಬಾಯಲ್ಲಿ ಕೇಳಿ, ಅದೇ ನೆಪದಲ್ಲಿ ಮದುವೆ ಮಾತು ಎತ್ತಬೇಕೆಂದು ಅವನ ಹುನ್ನಾರ.

ಅವಳ ಬೆರಳು ಸಾಲಿನ ಮೇಲೆ ಮೆಲ್ಲಗೆ ಹರಿಯಿತು. ಮಣಿಕಟ್ಟಿನವರೆಗೂ ಕೆಂಪು. ಗುಡ್ಡದ ಕೆಳಗೆ ದೊರೆ ಅಗೆಸುತ್ತಿದ್ದ ನೆಲಗವಿಯಲ್ಲಿ ಸಾವಿರಾರು ವರ್ಷ ಹಿಂದಿನವರು ತಮ್ಮ ಹೆಣಗಳಿಗೆ ಕೆಮ್ಮಣ್ಣು ಬಳಿದಿದ್ದರು. ಅದನ್ನು ಹೊತ್ತು ಹೊತ್ತು ಅವಳ ಕೈ ತೊಳೆದರೂ ಬಿಳಿಯಾಗದು. ಮದುಮಗಳ ಕೈ ಅಂತ ವಿಸ್ತೀನ ಕೆಣಕುತ್ತಿದ್ದ. ಅವಳು ಆ ಕೈಯನ್ನೇ ಅವನ ಅಂಗಿಗೆ ಒರೆಸಿ, ಈಗ ನಿನ್ನದೂ ಆಯ್ತು ಅನ್ನುತ್ತಿದ್ದಳು.

"ಇದರಲ್ಲಿರೋಳು ಬುಟ್ಟಿ ಹೊರ್ತಾಳೆ," ಅಂದಳು. "ಕೈ ಕೆಂಪು. ಎಡಗೆನ್ನೇಲಿ ಮಚ್ಚೆ."

ವಿಸ್ತೀನ ಅವಳ ಎಡಗೆನ್ನೆಯ ಮಚ್ಚೆ ನೋಡುತ್ತ, "ಯಾರಪ್ಪಾ ಅದು?" ಅಂದ.

ಅವಳು ನಗಲಿಲ್ಲ. ಕೊನೆಯ ಸಾಲಿನವರೆಗೂ ಓದಿ ಬುಟ್ಟಿ ಕೆಳಗಿಳಿಸಿದಳು.

"ಎರಡನೇ ಭಾಗದಲ್ಲಿ ಸಾಯ್ತಾಳೆ ಕಣೋ. ಹಳೇ ಮೂಳೆಗಳ ಜೊತೆ ಮಲಗಿಸ್ತಾರೆ. ಚೆನ್ನಾಗಿ ಕೆತ್ತಿದೀಯ. ನನ್ನ ಗೋರಿಕಲ್ಲು ಇಷ್ಟು ಚೆಂದ ಇರುತ್ತೆ ಅಂದ್ಕೊಂಡಿರ್ಲಿಲ್ಲ."

ಉಳಿ ಕೈಗೆ ಕೊಟ್ಟ ದಿನ ವಿಸ್ತೀನನ ಅಪ್ಪ ಒಂದೇ ಮಾತು ಹೇಳಿದ್ದ: ಉಸಿರಾಡುವವರ ಕಲ್ಲು ಕೆತ್ತಬೇಡ. ಆ ತಪ್ಪನ್ನು ವಿಸ್ತೀನ ಪ್ರೀತಿಯಿಂದ, ಒಂದೊಂದು ಅಕ್ಷರಕ್ಕೂ ಎಣ್ಣೆ ತಿಕ್ಕಿ ಮಾಡಿಬಿಟ್ಟಿದ್ದ.

ದೊರೆಯ ಹತ್ತಿರ ಓಡಿದ. ಬದುಕಿರೋಳನ್ನು ಯಾಕೆ ಕೊಂದಿರಿ ಅಂತ ಕೇಳಿದ. ದೊರೆಗೆ ಆಶ್ಚರ್ಯ. ಇದು ಗೌರವ ಕಣಯ್ಯಾ, ಅಂದ. ಪದ್ಯದಲ್ಲಿ ಸತ್ತ ಹುಡುಗಿಯೇ ಸುಂದರ, ಬದುಕಿರುವವಳು ಬೆವರುತ್ತಾಳೆ, ಕೆಮ್ಮುತ್ತಾಳೆ, ಅಂದ. ಕೆಮ್ಮು ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಸತ್ತರೆ ಅಮೃತಶಿಲೆ, ಬದುಕಿದ್ದರೆ ಬುಟ್ಟಿ, ಇದು ಅವನ ನ್ಯಾಯ. ಗವಿಯಿಂದ ಲಂಡನ್ನಿಗೆ ಹೋಗುವ ಮೂಳೆಗಳನ್ನು ಹತ್ತಿಯಲ್ಲಿ ಸುತ್ತಿಸುತ್ತಿದ್ದ ಮನುಷ್ಯ, ಅವನ್ನು ಹೊತ್ತು ತಂದವರ ಮೂಗಿಗೆ ಒಂದು ಬಟ್ಟೆ ಕೊಟ್ಟವನಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ದುಮಿಂಕಾಳ ತಾಯಿ ಜಕ್ಬೀನಾ ಕಿಟಕಿಯ ಮೇಲಿದ್ದ ಕಾಮಕಸ್ತೂರಿ ಕುಂಡವನ್ನು ಒಳಗೆತ್ತಿಟ್ಟಳು. ಕುಂಡ ಇದ್ದರೆ ಮನೆಯಲ್ಲಿ ಮದುವೆಗೆ ಹುಡುಗಿ ಇದ್ದಾಳೆಂದು ಅರ್ಥ. ಗೋರಿಕಲ್ಲು ಕೆತ್ತಿಟ್ಟುಕೊಂಡು ಹೆಣ್ಣು ಕೇಳೋಕೆ ಬರ್ತಾನಂತೆ ಅಂತ ಬಾವಿಕಟ್ಟೆಯಲ್ಲಿ ಉಗಿದಳು.

ದ್ರಾಕ್ಷಿ ಸುಗ್ಗಿ ಮುಗಿಯುವ ಹೊತ್ತಿಗೆ ದುಮಿಂಕಾಳ ಕೆಮ್ಮಿನಲ್ಲಿ ರಕ್ತ ಬಂತು. ಊರು ಕಲ್ಲಿನ ಕಡೆ ಬೆರಳು ತೋರಿಸಿತು. ವಿಸ್ತೀನನೂ ನಂಬಿದ. ದೊಡ್ಡ ಸುತ್ತಿಗೆ ಎತ್ತಿಕೊಂಡು ಕೊಟ್ಟಿಗೆಗೆ ನುಗ್ಗಿದ.

ಅವಳು ಆಗಲೇ ಬಂದು ಕಲ್ಲಿನ ಮೇಲೆ ಕೂತಿದ್ದಳು. ಕಮಾನಿನಂತೆ ಬಾಗಿದ ಕಪ್ಪು ಮುಸುಕಿನೊಳಗೆ ಮುಖ ಸಣ್ಣದಾಗಿತ್ತು. ಕಣ್ಣು ಮಾತ್ರ ಹಳೆಯವೇ, ತುಂಟ ಕಣ್ಣು.

"ಹೊಡಿ. ಮೊದಲು ನಾನೇ ಸಿಗ್ತೀನಿ."

"ನಾನೇ ನಿನ್ನ ಕೊಂದೆ ಅಂತಾರೆ ದುಮಿಂಕಾ."

"ಆ ಗವಿ ಧೂಳು ಕುಡಿದೋರು ನಾಲ್ಕು ಜನ. ಮಿಕ್ಕ ಮೂವರ ಮೇಲೆ ಯಾರೂ ಪದ್ಯ ಬರೆದಿಲ್ಲ. ಅವರೂ ರಕ್ತ ಕಾರ್ತಿದಾರೆ. ನೀನು ಅಷ್ಟು ದೊಡ್ಡ ಮನುಷ್ಯ ಅಲ್ಲ ಕಣೋ."

ಸುತ್ತಿಗೆ ಕೈಯಿಂದ ಜಾರಿತು. ಅವಳು ಅವನ ಅಂಗಿಯ ತುದಿ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿನ್ನ ಮನೆ ಹೊಸ್ತಿಲು ಮುರಿದಿದೆಯಲ್ಲ, ಅಲ್ಲಿಗೆ ಹಾಕು ಇದನ್ನ. ಬೋರಲು. ದಿನಾ ತುಳೀತೀನಿ."

"ದಿನಾನಾ?"

"ದಿನಾ. ಎಷ್ಟು ದಿನ ಅಂತ ಕೇಳ್ಬೇಡ."

ಅವನು ಅವಳ ಕೆಂಪು ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡ. ಅವನ ಕೆನ್ನೆಯ ಕಲ್ಲುಪುಡಿ ಅವಳ ಬೆರಳಿಗೂ, ಅವಳ ಕೆಮ್ಮಣ್ಣು ಅವನ ಕೆನ್ನೆಗೂ ಅಂಟಿತು. ಎಷ್ಟೋ ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ಆಗ ಬಂತು. ಅವಳು ಪೂರ್ತಿ ಕೇಳಿಸಿಕೊಂಡು, ಇನ್ನೊಂದ್ಸಲ ಹೇಳು, ಕೆಮ್ಮಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಅಂತ ಸುಳ್ಳು ಹೇಳಿದಳು.

ಕಲ್ಲು ಬಿರುಕುಬಿಟ್ಟಿತೆಂದು ವಿಸ್ತೀನ ದೊರೆಗೆ ಹೇಳಿ ಕಳಿಸಿದ. ಜಕ್ಬೀನಾ ಮೂರು ದಿನ ಅತ್ತು, ನಾಲ್ಕನೇ ದಿನ ಕುಂಡವನ್ನು ತಾನೇ ಕಿಟಕಿಗೆ ತಂದಿಟ್ಟಳು. ಎಂಟು ದಿನ ಇಟ್ಟು, ಮದುವೆಯ ಬೆಳಗ್ಗೆ ಮಗಳ ಕೈಗೇ ಕೊಟ್ಟಳು.

ಆ ಚಳಿಗಾಲವಿಡೀ ದುಮಿಂಕಾ ಬೆಳಗ್ಗೆ ಎದ್ದವಳೇ ಹೊಸ್ತಿಲ ಮೇಲೆ ಹಿಮ್ಮಡಿ ಊರಿ ನಿಂತು, ಇವತ್ತೂ ಇದ್ದೀನಿ ಅನ್ನುವಳು. ಮಧ್ಯಾಹ್ನ ಕಲ್ಲುಪುಡಿಯಲ್ಲಿ ಬೆರಳಾಡಿಸಿ ಗಂಡನಿಗೆ ತನ್ನ ಹೆಸರು ಓದಲು ಕಲಿಸಿದಳು. ಕೆತ್ತಲು ಅವನಿಗೆ ಕಲಿಸಬೇಕಾಗಿರಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಒಂದು ಬೆಳಗ್ಗೆ ಅವಳು ಏಳಲಿಲ್ಲ. ಅದೇ ಹೊಸ್ತಿಲು ದಾಟಿಸಿ ಎತ್ತಿಕೊಂಡು ಹೋದರು.

ತಿಂಗಳ ಮೇಲೆ ದೊರೆ ಬಂದ. ಟೋಪಿಗೆ ಕಪ್ಪು ಪಟ್ಟಿ, ಕೈಯಲ್ಲಿ ಅದೇ ಪದ್ಯದ ಕಾಗದ. ಬಾಗಿಲಲ್ಲೇ ನಿಂತು, ಹೊಸ ಅಮೃತಶಿಲೆ ತರಿಸಿದ್ದೇನೆ, ಪದ್ಯ ಈಗ ನಿಜವಾಯಿತಲ್ಲ, ಅವಳ ಗೋರಿಗೆ ಇದೇ ಇರಲಿ ಅಂದ. ನಿಜವಾಗಿಯೂ ಅವನ ಕಣ್ಣು ಒದ್ದೆಯಾಗಿತ್ತು.

ಅವಳ ಕಲ್ಲು ಕೆತ್ತಿ ಆಯಿತು ಅಂದ ವಿಸ್ತೀನ. ಊರಿನ ಒರಟು ಕಲ್ಲು, ಬರೀ ಹೆಸರು. ತಾನು ಓದಿಕೊಂಡು ಕೆತ್ತಿದ್ದು ಜನ್ಮದಲ್ಲಿ ಅದೊಂದೇ.

"ಹಾಗಾದರೆ ಆ ಹಳೇ ಕಲ್ಲು?"

"ಅದರ ಮೇಲೇ ನಿಂತಿದೀರಲ್ಲ ದೊರೆ."

ದೊರೆ ಕೆಂಡ ಮೆಟ್ಟಿದವನಂತೆ ಕಾಲೆತ್ತಿದ.

"ಪರವಾಗಿಲ್ಲ, ತುಳೀರಿ," ಅಂದ ವಿಸ್ತೀನ. "ಅವಳೂ ದಿನಾ ತುಳೀತಿದ್ಲು."